ಮಹಾತ್ಮಾ ಗಾಂಧೀಜಿಯವರೂ ವೈದ್ಯಪದ್ಧತಿಗಳೂ

ಮಹಾಪುರುಷರ ಚರಿತ್ರೆಯನ್ನು ಓದುವವರು ಅವರ ಲೋಕಪ್ರಸಿದ್ಧವಾದ ಕಾರ್ಯಗಳನ್ನೇ ಹೆಚ್ಚಾಗಿ ಲಕ್ಷಿಸುವರು. ಮಹಾತ್ಮಾ ಗಾಂಧೀಜಿಯವರ ಹೆಸರನ್ನು ಕೇಳಿದೊಡನೆ ಚರಕ, ಉಪ್ಪಿನ ಸತ್ಯಾಗ್ರಹ, ಸೆರೆಮನೆ ಇವೇ ಕಣ್ಣಮುಂದೆ ನಿಲ್ಲುವವು. ಆದರೆ ಆ ಮಹನೀಯರು ಹದಿಹರೆಯದಿಂದ ಮೊದಲುಗೊಂಡು ಕೊನೆಯ ದಿನಗಳ ವರೆಗೆ ಎಡೆಬಿಡದೆ ನಡೆಯಿಸಿದ ಇನ್ನೊಂದು ಕಾರ್ಯವಿದ್ದಿತು. ಅದು ರೋಗಿಗಳ ಶುಶ್ರೂಷೆಯು. ಆ ಶುಶ್ರೂಷೆಯಲ್ಲಿ ಅವರು ನೀರು, ಮಣ್ಣು, ಉಪವಾಸ, ಪಥ್ಯ, ಗಿಡಮೂಲಿಕೆ, ಕೊನೆಗೆ ಶಸ್ತ್ರವೈದ್ಯನ ಕತ್ತಿ ಇವೆಲ್ಲವುಗಳ ಗುಣವನ್ನೂ ಮಿತಿಯನ್ನೂ ತಮ್ಮ ಮೈಮೇಲೆಯೂ ತಮ್ಮವರ ಮೈಮೇಲೆಯೂ ಕಂಡರು. ಆದುದರಿಂದ ವೈದ್ಯಪದ್ಧತಿಗಳ ಪರಸ್ಪರ ಸಂಬಂಧವನ್ನು ತಿಳಿಯಬೇಕೆನ್ನುವವರಿಗೆ ಅವರ ಜೀವನವು ಒಂದು ದೊಡ್ಡ ಪಾಠವಾಗಿದೆ.

ಈ ಕಾಲದಲ್ಲಿ ಪೂರಕ ವೈದ್ಯ, ಪರ್ಯಾಯ ವೈದ್ಯ ಎಂಬೆರಡು ಶಬ್ದಗಳು ಎಲ್ಲೆಲ್ಲಿಯೂ ಕೇಳಬರುತ್ತಿರುವವು. ಇವೆರಡೂ ಒಂದೇ ಎಂದು ಅನೇಕರು ಭಾವಿಸಿರುವರು, ಹಾಗಿಲ್ಲ. ದವಾಖಾನೆಯ ಡಾಕ್ಟರರು ಮಾಡುವ ಚಿಕಿತ್ಸೆಯ ಜೊತೆಗೆ, ಅವರಿಗೆ ತಿಳಿಸಿ, ಯೋಗವನ್ನೋ ಪಥ್ಯವನ್ನೋ ಎಣ್ಣೆಯ ಅಭ್ಯಂಗವನ್ನೋ ಕೈಕೊಂಡರೆ ಅದು ಪೂರಕವು. ಆ ಚಿಕಿತ್ಸೆಯನ್ನು ಬಿಟ್ಟು ಅದರ ಸ್ಥಾನದಲ್ಲಿ ಬೇರೊಂದನ್ನು ಇಟ್ಟರೆ ಅದು ಪರ್ಯಾಯವು. ಔಷಧಿಯು ಒಂದೇ ಇರಬಹುದು; ಅದು ನಿಂತ ಸ್ಥಾನದಿಂದ ಅದರ ಹೆಸರೂ ಫಲವೂ ಬೇರೆಯಾಗುವವು. ಸಕ್ಕರೆಬೇನೆಯವನು ಡಾಕ್ಟರರ ಔಷಧಿಯೊಡನೆ ಪಥ್ಯವನ್ನೂ ನಡಿಗೆಯನ್ನೂ ಇಟ್ಟುಕೊಂಡರೆ ಲಾಭವುಂಟು. ಆ ಔಷಧಿಯನ್ನು ತೊರೆದು ಬರಿಯ ಕಷಾಯವನ್ನು ನಂಬಿದರೆ ಕಣ್ಣು, ಮೂತ್ರಪಿಂಡಗಳು ಕೆಡುವ ಭಯವುಂಟು. ಈ ಭೇದವು ಒಂದು ಜೀವವನ್ನು ಉಳಿಸುವ ಇಲ್ಲವೆ ಕಳೆಯುವ ಭೇದವಾಗಿರುತ್ತದೆ. ಗಾಂಧೀಜಿಯವರು ಇದನ್ನು ಪುಸ್ತಕದಿಂದ ಕಲಿಯಲಿಲ್ಲ, ಅನುಭವದಿಂದ ಕಲಿತರು. ಅದಕ್ಕಾಗಿ ಕೆಲವೊಮ್ಮೆ ಹೆಚ್ಚಿನ ಬೆಲೆಯನ್ನು ತೆರಬೇಕಾಯಿತು.

ಗಾಂಧೀಜಿಯವರು ಸನ್ 1869ನೆಯ ಇಸವಿಯ ಅಕ್ಟೋಬರ 2ನೆಯ ತಾರೀಖಿಗೆ ಕಾಠೇವಾಡದ ಪೋರಬಂದರದಲ್ಲಿ ಜನಿಸಿದರು. ತಂದೆ ಕರಮಚಂದರು ಭಗಂದರ ವ್ಯಾಧಿಯಿಂದ ಹಾಸಿಗೆ ಹಿಡಿದಾಗ ಬಾಲಕ ಮೋಹನದಾಸರೇ ಗಾಯ ಕಟ್ಟುವದು, ಔಷಧಿ ಕೊಡುವದು, ಕಾಲೊತ್ತುವದು ಮೊದಲಾದ ಸೇವೆಯನ್ನು ಮಾಡುತ್ತಿದ್ದರು. ವೈದ್ಯರು ತಮ್ಮ ಲೇಪಗಳನ್ನೂ ಹಕೀಮರು ತಮ್ಮ ಪಟ್ಟಿಗಳನ್ನೂ ಪ್ರಯೋಗಿಸಿ ಸೋತರು. ಕೊನೆಗೆ ಆಂಗ್ಲ ಶಸ್ತ್ರವೈದ್ಯನೊಬ್ಬನು ಶಸ್ತ್ರಕ್ರಿಯೆಯೊಂದೇ ಉಪಾಯವೆಂದು ಹೇಳಿದನು. ಆದರೆ ಮನೆಯ ವೈದ್ಯರು ವಯಸ್ಸಾದವರಿಗೆ ಅದು ಸಲ್ಲದೆಂದು ತಡೆದರು. 1885ರಲ್ಲಿ ಕರಮಚಂದರು ತೀರಿಕೊಂಡರು. ಆ ಶಸ್ತ್ರಕ್ರಿಯೆಯು ನಡೆದಿದ್ದರೆ ಗಾಯವು ಮಾಯುತ್ತಿತ್ತೆಂಬ ಭಾವನೆಯು ಮಗನ ಮನಸ್ಸಿನಲ್ಲಿ ಉಳಿದುಹೋಯಿತು. ಮುಂದೆ ಅವರಿಗೆ ವೈದ್ಯವಿದ್ಯೆಯನ್ನೇ ಕಲಿಯಬೇಕೆಂಬ ಇಚ್ಛೆಯಾದರೂ, ಹೆಣವನ್ನು ಕೊಯ್ಯುವದು ವೈಷ್ಣವರಿಗೆ ತಕ್ಕದ್ದಲ್ಲವೆಂಬುದು ತಂದೆಯ ಅಭಿಪ್ರಾಯವಾಗಿದ್ದಿತೆಂದು ಅಣ್ಣನು ನೆನಪುಮಾಡಿಕೊಟ್ಟುದರಿಂದ ಅದನ್ನು ಬಿಟ್ಟು, 1888ರಲ್ಲಿ ಕಾಯಿದೆಯ ಅಭ್ಯಾಸಕ್ಕಾಗಿ ವಿಲಾಯತಿಗೆ ತೆರಳಿದರು.

ದಕ್ಷಿಣ ಆಫ್ರಿಕೆಯಲ್ಲಿ ವಕೀಲಿಯನ್ನು ನಡೆಯಿಸುತ್ತಿದ್ದಾಗ ಗಾಂಧೀಜಿಯವರಿಗೆ ಮಲಬದ್ಧತೆ, ತಲೆನೋವುಗಳು ಕಾಡುತ್ತಿದ್ದವು. ಆಗ ಜರ್ಮನಿಯ ಲೂಯಿ ಕೂನೆ ಮತ್ತು ಅಡಾಲ್ಫ ಜುಸ್ಟ ಎಂಬ ಇಬ್ಬರ ಗ್ರಂಥಗಳು ಅವರ ಕೈಗೆ ಬಂದವು. ಕೂನೆಯವರದು ತೊಟ್ಟಿಯಲ್ಲಿ ಸೊಂಟದ ವರೆಗೆ ತಣ್ಣೀರಿನಲ್ಲಿ ಕುಳಿತುಕೊಳ್ಳುವ ಜಲಚಿಕಿತ್ಸೆಯು. ಜುಸ್ಟರದು ಒದ್ದೆಮಣ್ಣಿನ ಪಟ್ಟಿಯನ್ನು ಹೊಟ್ಟೆಗೆ ಕಟ್ಟುವ ಮೃತ್ತಿಕಾಚಿಕಿತ್ಸೆಯು. ಇವುಗಳಿಂದ ಅವರಿಗೆ ಗುಣವೆನಿಸಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ನಮ್ಮ ಜನರು ಪ್ರಕೃತಿಚಿಕಿತ್ಸೆಯನ್ನು ಪುರಾತನ ಭಾರತದ ಸೊತ್ತೆಂದೇ ತಿಳಿದಿರುವರು. ಗಾಂಧೀಜಿಯವರು ಹಿಡಿದ ಪದ್ಧತಿಯು ಯುರೋಪದಿಂದ ಬಂದದ್ದು. ದೇಶೀಯವೆಂದು ಒಳ್ಳೆಯದೂ ಪರಕೀಯವೆಂದು ಕೆಟ್ಟದ್ದೂ ಆಗುವದಿಲ್ಲ. ರೋಗಿಗೆ ಗುಣವಾಯಿತೇ, ಏಕೆ ಆಯಿತು, ಎಷ್ಟು ಜನರಿಗೆ ಆಯಿತು ಎಂಬುದೇ ವೈದ್ಯದ ಒರೆಗಲ್ಲು.

1902ರಲ್ಲಿ ಮುಂಬಯಿಯಲ್ಲಿ ವಾಸವಾಗಿದ್ದಾಗ ಹತ್ತು ವರ್ಷದ ಮಗನಾದ ಮಣಿಲಾಲನಿಗೆ ವಿಷಮಜ್ವರವೂ ಅದರೊಡನೆ ನ್ಯುಮೋನಿಯಾದ ಲಕ್ಷಣವೂ ತೋರಿದವು. ಪಾರಸೀ ಡಾಕ್ಟರರು ಕೋಳಿಯ ಸಾರನ್ನೂ ತತ್ತಿಯನ್ನೂ ಕೊಡಬೇಕೆಂದರು. ಶಾಕಾಹಾರವ್ರತವನ್ನು ಬಿಡಲೊಲ್ಲದ ತಂದೆಯು ಅದಕ್ಕೆ ಒಪ್ಪದೆ, ತಾವು ಜಲಚಿಕಿತ್ಸೆಯನ್ನು ಮಾಡುವದಾಗಿಯೂ, ಡಾಕ್ಟರರು ಬಂದು ನಾಡಿಯನ್ನೂ ಎದೆಯನ್ನೂ ಪರೀಕ್ಷಿಸುತ್ತಿರಬೇಕೆಂದೂ ಬೇಡಿಕೊಂಡರು. ಡಾಕ್ಟರರು ಒಪ್ಪಿದರು. ಜ್ವರವು 104 ಡಿಗ್ರಿಗೇರಿದ ರಾತ್ರಿ ಮಗುವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕಂಬಳಿ ಹೊದಿಸಿ, ತಾಯಿಗೆ ಒಪ್ಪಿಸಿ, ತಂದೆಯು ಸಂಕಟವನ್ನು ತಾಳಲಾರದೆ ಹೊರಗೆ ಹೋಗಿ ದೇವರನ್ನು ಪ್ರಾರ್ಥಿಸುತ್ತ ಅಡ್ಡಾಡಿದರು. ತಿರುಗಿ ಬಂದಾಗ ಮಗುವಿಗೆ ಬೆವರು ಬಿಡುತ್ತಿದ್ದಿತು. ಮಣಿಲಾಲನು ಬದುಕಿದನು. ಇದು ದೇವರ ಕೃಪೆಯೋ, ನೀರಿನ ಗುಣವೋ, ಪಥ್ಯಶುಶ್ರೂಷೆಗಳ ಫಲವೋ ನಿರ್ಣಯಿಸಲಾಗದೆಂದು ಗಾಂಧೀಜಿಯವರೇ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿರುವರು. ವಿಷಮಜ್ವರದಿಂದ ಔಷಧಿಯಿಲ್ಲದೆಯೂ ಅನೇಕರು ಪಾರಾಗುವರು, ಕೆಲವರು ಸಾಯುವರು. ಒಬ್ಬನು ಬದುಕಿದ ಮಾತ್ರಕ್ಕೆ ಚಿಕಿತ್ಸೆಯು ಸಿದ್ಧವಾದಂತಾಗಲಿಲ್ಲ. ಆದರೂ ಡಾಕ್ಟರರನ್ನು ಮನೆಯಿಂದ ಹೊರಗಿಡದೆ ಅವರ ಕಣ್ಣೆದುರಿಗೆ ತಮ್ಮ ಉಪಾಯವನ್ನು ನಡೆಯಿಸಿದ್ದು ಅವರ ವಿವೇಕವು.

1904ರಲ್ಲಿ ಜೋಹಾನ್ಸಬರ್ಗದ ಭಾರತೀಯ ಕೂಲಿಕಾರರಲ್ಲಿ ಪ್ಲೇಗು ಕಾಣಿಸಿಕೊಂಡಿತು. ಒಮ್ಮೆಲೆ ಇಪ್ಪತ್ತಮೂರು ಜನ ಬಿದ್ದರು. ಗಾಂಧೀಜಿಯವರು ಪ್ರಾಣಭಯವನ್ನು ಬಿಟ್ಟು ಡಾಕ್ಟರ ವಿಲಿಯಂ ಗಾಡ್‌ಫ್ರೆಯವರೊಡನೆ ಅವರ ಆರೈಕೆಗೆ ನಿಂತರು. ಡಾಕ್ಟರರ ಅನುಮತಿಯಿಂದ ಮೂವರಿಗೆ ಮಣ್ಣಿನ ಪಟ್ಟಿಯನ್ನು ಕಟ್ಟಿದರು. ಅವರಲ್ಲಿ ಇಬ್ಬರು ಉಳಿದರು, ಮಿಕ್ಕವರು ಮಡಿದರು. ಇದರಿಂದ ಮಣ್ಣಿನ ಮೇಲಣ ಅವರ ನಂಬಿಕೆಯು ಬಲಿಯಿತು. ಆದರೆ ಮೂವರೆಂಬುದು ಬಲು ಸಣ್ಣ ಸಂಖ್ಯೆಯು. ಈಗ ಪ್ಲೇಗಿಗೆ ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಿಗಳಿದ್ದು, ಹೊತ್ತಿಗೆ ಕೊಟ್ಟರೆ ಬಹುಜನರು ಬದುಕುವರು. ಆಗ ಅಂಥ ಔಷಧಿಯೇ ಇರಲಿಲ್ಲ. ಏನೂ ಇಲ್ಲದಲ್ಲಿ ಮಣ್ಣನ್ನು ಹಚ್ಚುವದು ಬೇರೆ, ಔಷಧಿಯು ಇರುವಲ್ಲಿ ಅದನ್ನು ದೂಡಿ ಮಣ್ಣನ್ನು ಹಚ್ಚುವದು ಬೇರೆ.

1909ರಲ್ಲಿ ಬರೆದ ಹಿಂದ ಸ್ವರಾಜ್ಯವೆಂಬ ಪುಸ್ತಕದಲ್ಲಿ ಗಾಂಧೀಜಿಯವರು ಡಾಕ್ಟರರನ್ನೂ ದವಾಖಾನೆಗಳನ್ನೂ ಕಠಿಣವಾಗಿ ಖಂಡಿಸಿದರು. ಜನರು ಮನಬಂದಂತೆ ತಿಂದು ರೋಗಿಗಳಾಗಿ, ಔಷಧಿಯಿಂದ ವಾಸಿಯಾಗಿ, ಮತ್ತೆ ಅದೇ ತಪ್ಪನ್ನು ಮಾಡುವರೆಂಬುದು ಅವರ ಆಕ್ಷೇಪವಾಗಿದ್ದಿತು. ಆದರೆ ದೇಹವು ಬರವಣಿಗೆಯನ್ನು ಕೇಳುವದಿಲ್ಲ. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸುತ್ತುತ್ತಿದ್ದಾಗ ಆಮಶಂಕೆಯು ಅವರನ್ನು ಮರಣದ ಬಾಗಿಲಿಗೆ ಒಯ್ದಿತು. ಹಾಲನ್ನು ಕುಡಿಯೆನೆಂಬ ವ್ರತವು ಅವರದಾಗಿದ್ದಿತು. ಹಾಲಿಲ್ಲದೆ ದೇಹವು ಚೇತರಿಸದೆಂದು ಡಾಕ್ಟರ ದಲಾಲರು ಸ್ಪಷ್ಟವಾಗಿ ತಿಳಿಸಿದರು. ಆಗ ಕಸ್ತೂರಬಾ ಅವರು ಆಡಿನ ಹಾಲಿಗೆ ಅಡ್ಡಿಯಿಲ್ಲವಲ್ಲವೆಂದು ಸೂಚಿಸಿದರು. ಗಾಂಧೀಜಿಯವರು ಒಪ್ಪಿ ಬದುಕಿಕೊಂಡರು. ವ್ರತದ ಅಕ್ಷರವು ಉಳಿದು ಸಾರವು ಹೋಯಿತೆಂಬ ಕೊರಗು ಮಾತ್ರ ಅವರನ್ನು ಬಿಡಲಿಲ್ಲ.

ಅವರ ಟೀಕೆಯು ಪಶ್ಚಿಮದ ವೈದ್ಯಕ್ಕೆ ಮಾತ್ರ ಮೀಸಲಾಗಿದ್ದಿಲ್ಲ. 1921ರ ಫೆಬ್ರುವರಿಯಲ್ಲಿ ಹಕೀಮ ಅಜಮಲಖಾನರು ದಿಲ್ಲಿಯಲ್ಲಿ ಸ್ಥಾಪಿಸಿದ ತಿಬ್ಬಿಯಾ ಮಹಾವಿದ್ಯಾಲಯವನ್ನು ತೆರೆಯುವಾಗ, ಪಾಶ್ಚಾತ್ಯ ವಿಜ್ಞಾನಿಗಳ ಶೋಧಕಬುದ್ಧಿಯನ್ನು ಹೊಗಳಿ, ವೈದ್ಯ ಹಕೀಮರಲ್ಲಿ ಆ ಬುದ್ಧಿಯ ಕೊರತೆಯಿದೆಯೆಂದು ಮುಚ್ಚುಮರೆಯಿಲ್ಲದೆ ನುಡಿದರು. 1925ರಲ್ಲಿ ಕಲಕತ್ತೆಯ ಅಷ್ಟಾಂಗ ಆಯುರ್ವೇದ ವಿದ್ಯಾಲಯದ ಸಮಾರಂಭದಲ್ಲಿಯೂ ಇದೇ ಬಗೆಯಾಗಿ ಆಡಿದ್ದರಿಂದ ಅನೇಕ ವೈದ್ಯರಿಗೆ ನೋವಾಯಿತು. ಪೂರ್ವಿಕರು ಬರೆದಿಟ್ಟುದನ್ನೇ ನೆಚ್ಚಿ ಕುಳಿತು ಹೊಸದಾಗಿ ಏನನ್ನೂ ಪರೀಕ್ಷಿಸದೆ, ಪತ್ರಿಕೆಗಳಲ್ಲಿ ಸರ್ವರೋಗಹರವೆಂದು ಜಾಹೀರಾತು ಕೊಡುವವರನ್ನು ಅವರು ಸಹಿಸಲಿಲ್ಲ. ಆಯುರ್ವೇದದ ಮೇಲೆ ಪ್ರೀತಿಯಿದ್ದುದರಿಂದಲೇ ಅವರು ಅದಕ್ಕೆ ಪರೀಕ್ಷೆಯನ್ನು ಬೇಡಿದರು.

ಈ ಎರಡು ಪ್ರಸಂಗಗಳ ನಡುವೆ, ಬೆಳಗಾವಿ ಜಿಲ್ಲೆಯವರು ಮರೆಯಬಾರದ ಸಂಗತಿಯೊಂದು ನಡೆಯಿತು. 1924ರ ಜನವರಿಯಲ್ಲಿ ಗಾಂಧೀಜಿಯವರು ಪುಣೆಯ ಹತ್ತಿರದ ಯೇರವಡಾ ಸೆರೆಮನೆಯಲ್ಲಿದ್ದರು. ಅವರಿಗೆ ಹೊಟ್ಟೆನೋವೂ ಜ್ವರವೂ ಬಂದು, ಕರುಳಿನ ಬಾಲವು ಕೀವುಗೂಡುವ ಅಪೆಂಡಿಸೈಟಿಸ್ ಎಂಬ ವ್ಯಾಧಿಯೆಂದು ಗೊತ್ತಾಯಿತು. ಮಣ್ಣಿನ ಪಟ್ಟಿಗೂ ಉಪವಾಸಕ್ಕೂ ಅದು ಬಗ್ಗುವ ವ್ಯಾಧಿಯಲ್ಲ. ಅವರನ್ನು ಸಾಸೂನ ದವಾಖಾನೆಗೆ ಒಯ್ದು, 12ನೆಯ ತಾರೀಖಿನ ರಾತ್ರಿ ಕರ್ನಲ್ ಮ್ಯಾಡಾಕ ಎಂಬ ಆಂಗ್ಲ ಶಸ್ತ್ರವೈದ್ಯರು ಶಸ್ತ್ರಕ್ರಿಯೆಯನ್ನು ಮಾಡಿದರು. ನಡುವೆ ವಿದ್ಯುದ್ದೀಪವು ಆರಿಹೋಗಲು, ಕಂದೀಲಿನ ಬೆಳಕಿನಲ್ಲಿಯೇ ಕೆಲಸವು ಮುಗಿಯಿತು. ದವಾಖಾನೆಗಳನ್ನು ಖಂಡಿಸಿದ್ದ ಪುರುಷರು ದವಾಖಾನೆಯಿಂದಲೇ ಜೀವವನ್ನು ಪಡೆದು, ಆ ಶಸ್ತ್ರವೈದ್ಯರಿಗೂ ದಾದಿಯರಿಗೂ ಕೃತಜ್ಞರಾಗಿ ನಡೆದುಕೊಂಡರು. ಅದೇ ವರ್ಷದ ಡಿಸೆಂಬರ ಕೊನೆಯ ವಾರದಲ್ಲಿ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ ಮಹಾಸಭೆಗೆ ಅವರು ಅಧ್ಯಕ್ಷರಾದರು. ಅವರು ಆ ಪೀಠವನ್ನೇರಿದ್ದು ಅದೊಂದೇ ಸಲ. ಜನವರಿಯ ಆ ರಾತ್ರಿ ಕತ್ತಿಯನ್ನು ನಿರಾಕರಿಸಿದ್ದರೆ ಬೆಳಗಾವಿಗೆ ಆ ಭಾಗ್ಯವು ಲಭಿಸುವದು ಸಂದೇಹವಾಗಿದ್ದಿತು.

ಮೂರು ವರ್ಷಗಳ ತರುವಾಯ ಬೇರೊಂದು ಬಗೆಯ ವ್ಯಾಧಿಯು ಬಂದಿತು. 1927ರ ಮಾರ್ಚ ಕೊನೆಗೆ ಖಾದಿಯ ಪ್ರವಾಸದಲ್ಲಿ ಕೊಲ್ಹಾಪುರಕ್ಕೆ ಬಂದಾಗ ಅತಿಶ್ರಮದಿಂದ ಅವರು ಕುಸಿದರು. ಅಲ್ಲಿಂದ, ಹುಕ್ಕೇರಿ ತಾಲೂಕಿನ ಸಂಕೇಶ್ವರದ ಉತ್ತರಕ್ಕಿರುವ ನಿಪ್ಪಾಣಿಯನ್ನು ತಲುಪಿದಾಗ ಮುಂದಿನ ಸಭೆಗಳನ್ನೆಲ್ಲ ನಿಲ್ಲಿಸಬೇಕಾಯಿತು. ಡಾಕ್ಟರರು ಪರೀಕ್ಷಿಸಿ, ರಕ್ತದೊತ್ತಡವು ವಿಪರೀತವಾಗಿ ಏರಿರುವದೆಂದೂ ಸಂಪೂರ್ಣ ವಿಶ್ರಾಂತಿಯು ಬೇಕೆಂದೂ ನಿರ್ಣಯಿಸಿದರು. ಗಾಂಧೀಜಿಯವರು ಆಂಬೋಲಿಯಲ್ಲಿ ಕೆಲದಿನ ತಂಗಿ, ಏಪ್ರಿಲ 20ರ ಸುಮಾರಿಗೆ ಮೈಸೂರು ಸಂಸ್ಥಾನದ ನಂದಿಬೆಟ್ಟವನ್ನು ಸೇರಿ ಜೂನ ಮೊದಲ ವಾರದ ವರೆಗೆ ಅಲ್ಲಿಯೇ ಇದ್ದರು. ರಕ್ತದೊತ್ತಡವನ್ನು ಇಳಿಸುವ ಒಳ್ಳೆಯ ಔಷಧಿಯು ಆಗ ಯಾವ ಡಾಕ್ಟರರ ಬಳಿಯಲ್ಲಿಯೂ ಇರಲಿಲ್ಲ. ತಂಪಾದ ಗಾಳಿ, ಮಿತಾಹಾರ, ನಿಧಾನವಾದ ನಡಿಗೆ, ಮೌನ, ನಿದ್ರೆ ಇವುಗಳನ್ನೇ ಡಾಕ್ಟರರೂ ವಿಧಿಸಿದರು. ಪ್ರಕೃತಿಚಿಕಿತ್ಸೆಯೂ ಅದನ್ನೇ ಹೇಳುತ್ತಿದ್ದಿತು. ಇಲ್ಲಿ ಎರಡು ಪದ್ಧತಿಗಳಿಗೆ ವಿರೋಧವು ಬರಲಿಲ್ಲ. ಪುಣೆಯಲ್ಲಿ ಕತ್ತಿಗೆ ಶರಣಾದದ್ದೂ ನಂದಿಯಲ್ಲಿ ಗಾಳಿಗೆ ಶರಣಾದದ್ದೂ ಒಂದೇ ವಿವೇಕದ ಎರಡು ಮುಖಗಳೆನ್ನಬೇಕು.

ಆದರೆ ಎಲ್ಲ ವಿಷಯದಲ್ಲಿಯೂ ಅವರ ತೂಕವು ಸರಿಯಾಗಿದ್ದಿತೆನ್ನಲಾಗದು. ಸಿಡುಬಿಗೆ ದೇವಿ ಹಾಕುವದನ್ನು ಅವರು ಬಹುಕಾಲ ವಿರೋಧಿಸಿದರು. ಹಸುವಿನ ರೋಗದ ರಸವನ್ನು ಶರೀರಕ್ಕೆ ಸೇರಿಸುವದು ಅಶುದ್ಧವೆಂದು ಅವರ ಮತವಾಗಿದ್ದಿತು. 1930ರ ಆರಂಭದಲ್ಲಿ ಸಾಬರಮತಿಯ ಆಶ್ರಮಕ್ಕೆ ಸಿಡುಬು ನುಗ್ಗಿ ಮೂವರು ಮಕ್ಕಳು ತೀರಿಕೊಂಡರು. ದೇವಿ ಹಾಕಿಸಿಕೊಳ್ಳಬೇಕೆನ್ನುವವರು ಸ್ವತಂತ್ರರೆಂದು ಅವರು ಆಶ್ರಮವಾಸಿಗಳಿಗೆ ತಿಳಿಸಿದರಾದರೂ ತಮ್ಮ ಅಭಿಪ್ರಾಯವನ್ನು ಬದಲಿಸಲಿಲ್ಲ. ದುಃಖದ ಭಾರವನ್ನು ಮಾತ್ರ ಹೊತ್ತರು. ಕಾಲವು ಈ ವಿವಾದವನ್ನು ತೀರ್ಮಾನಿಸಿದೆ. ದೇವಿ ಹಾಕಿದ್ದರಿಂದಲೇ 1975ರ ತರುವಾಯ ಭಾರತದಲ್ಲಿ ಸಿಡುಬಿಲ್ಲ. 1980ರಲ್ಲಿ ಜಗತ್ತಿನಿಂದಲೇ ಅದು ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಸತ್ಯಶೋಧಕರೆನಿಸಿದವರ ಚರಿತ್ರೆಯಲ್ಲಿ ಈ ಸತ್ಯವನ್ನು ಮುಚ್ಚಿಡುವದು ಅವರಿಗೆ ಸಲ್ಲಿಸುವ ಗೌರವವಾಗಲಾರದು.

1937ರ ಏಪ್ರಿಲದಲ್ಲಿ ಗಂಗಾಧರರಾವ ದೇಶಪಾಂಡೆಯವರ ಊರಾದ ಬೆಳಗಾವಿ ತಾಲೂಕಿನ ಹುದಲಿಯಲ್ಲಿ ಗಾಂಧೀ ಸೇವಾಸಂಘದ ಸಮ್ಮೇಲನವು ಕೂಡಿತು. ಗಾಂಧೀಜಿಯವರು ಅಲ್ಲಿ ಕೆಲವು ದಿನ ತಂಗಿದ್ದರು. ಅದೇ ವರ್ಷದ ಅಕ್ಟೋಬರದಲ್ಲಿ ರಕ್ತದೊತ್ತಡವು ಮತ್ತೆ ಏರಿ ಅವರನ್ನು ಹಾಸಿಗೆಗೆ ಕೆಡವಿತು. ಆ ವರ್ಷಗಳಲ್ಲಿ ಅವರು ಸೇವಿಸಿದ ಔಷಧಿಗಳಲ್ಲಿ ಸರ್ಪಗಂಧವೂ ಒಂದು. ಈ ಬೇರಿನ ಕಥೆಯು ಬೋಧಪ್ರದವಾದದ್ದು. ನಮ್ಮ ವೈದ್ಯರು ಅದನ್ನು ಹಿಂದಿನಿಂದಲೂ ಉನ್ಮಾದಕ್ಕೂ ನಿದ್ರೆಗೂ ಕೊಡುತ್ತಿದ್ದರು. 1931ರಲ್ಲಿ ಕಲಕತ್ತೆಯ ಕವಿರಾಜ ಗಣನಾಥ ಸೇನರೂ ಡಾಕ್ಟರ ಕಾರ್ತಿಕಚಂದ್ರ ಬೋಸರೂ ಅದು ಉನ್ಮಾದವನ್ನೂ ರಕ್ತದೊತ್ತಡವನ್ನೂ ಇಳಿಸುವದೆಂದು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ಡಾಕ್ಟರ ರುಸ್ತುಮ ಜಾಲ ವಕೀಲರು ತಮ್ಮ ರೋಗಿಗಳ ಮೇಲೆ ಕಂಡ ಫಲವನ್ನು ಇಂಗ್ಲಂಡದ ಹೃದ್ರೋಗಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿತ್ಸರ್ಲಂಡದವರು ಅದರೊಳಗಿನ ರೆಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಹೀಗೆ ಹಳ್ಳಿಯ ಬೇರು ಪರೀಕ್ಷೆಯ ಬೆಂಕಿಯನ್ನು ದಾಟಿ ಜಗತ್ತಿನ ಔಷಧಿಯಾಯಿತು. ಅದು ಪ್ರಮಾಣ ಮೀರಿದರೆ ಮನಸ್ಸನ್ನು ಕುಗ್ಗಿಸುವದೆಂಬುದೂ ಪರೀಕ್ಷೆಯಿಂದಲೇ ತಿಳಿಯಿತು. ಗಿಡಮೂಲಿಕೆಯಿಂದ ಕೇಡಾಗದೆಂಬ ನಂಬಿಕೆಗೆ ಇದು ಉತ್ತರವು.

ಸೇವಾಗ್ರಾಮದಲ್ಲಿ ಸಂಸ್ಕೃತ ಪಂಡಿತರಾದ ಪರಚುರೆ ಶಾಸ್ತ್ರಿಗಳು ಕುಷ್ಠರೋಗಿಗಳಾಗಿ ಬಂದು ಆಶ್ರಯವನ್ನು ಬೇಡಿದಾಗ, ಗಾಂಧೀಜಿಯವರು ಅವರಿಗೆ ಗುಡಿಸಲನ್ನು ಕಟ್ಟಿಸಿಕೊಟ್ಟು, ಸ್ವತಃ ಗಾಯ ತೊಳೆದು ಮೈತಿಕ್ಕಿದರು. ಕುಷ್ಠವನ್ನು ಬೇರುಸಹಿತ ಕೀಳುವ ಔಷಧಿಯು ಆಗಿನ್ನೂ ಬಂದಿರಲಿಲ್ಲ. ಮನುಷ್ಯನನ್ನು ಮುಟ್ಟುವ ಕೈ ಇದ್ದಿತು. ಯಾವ ಪದ್ಧತಿಯವರೇ ಆಗಲಿ, ಇದನ್ನು ಮರೆತರೆ ಅವರ ವೈದ್ಯವು ಅರ್ಧವಾಗುವದು. ಇಷ್ಟೆಲ್ಲ ಪ್ರಕೃತಿಚಿಕಿತ್ಸೆಯನ್ನು ಮೆಚ್ಚುತ್ತಿದ್ದ ಗಾಂಧೀಜಿಯವರ ಬಳಿಯಲ್ಲಿ ಸದಾ ಇದ್ದ ಡಾಕ್ಟರ ಸುಶೀಲಾ ನಾಯರ ಅವರು ಪಾಶ್ಚಾತ್ಯ ವೈದ್ಯದಲ್ಲಿ ಪದವಿಯನ್ನು ಪಡೆದವರೆಂಬುದೂ ಗಮನಾರ್ಹವು.

1942ರ ಆಗಸ್ಟದಲ್ಲಿ ಬಂಧನವಾಗಿ ಪುಣೆಯ ಆಗಾಖಾನರ ಮಹಲಿನಲ್ಲಿದ್ದಾಗ ಅವರು ಆರೋಗ್ಯದ ಕೀಲಿಕೈ ಎಂಬ ಸಣ್ಣ ಪುಸ್ತಕವನ್ನು ಬರೆದರು. ಆ ಮಹಲಿನಲ್ಲಿಯೇ ಅವರ ಬಾಳಿನ ಕಠಿಣತಮ ಪರೀಕ್ಷೆಯು ಬಂದಿತು. ಕಸ್ತೂರಬಾ ಅವರ ಹೃದಯವೂ ಶ್ವಾಸಕೋಶಗಳೂ ಸೋಲುತ್ತ ಬಂದವು. ಡಾಕ್ಟರ ಗಿಲ್ಡರರೂ ಸುಶೀಲಾ ನಾಯರರೂ ತಮ್ಮ ಶಕ್ತಿಮೀರಿ ಶ್ರಮಿಸಿದರು. ಪ್ರಕೃತಿಚಿಕಿತ್ಸಕರಾದ ದಿನಶಾ ಮೆಹತಾ ಅವರೂ ಬಂದರು. ಬಾ ಅವರು ಆಯುರ್ವೇದವನ್ನು ಅಪೇಕ್ಷಿಸಿದ್ದರಿಂದ ವೈದ್ಯರಾಜ ಶಿವಶರ್ಮರನ್ನು ಕರೆಯಿಸಲಾಯಿತು. ರಾತ್ರಿ ಒಳಗಿರಲು ಸರಕಾರದ ಅಪ್ಪಣೆಯಿಲ್ಲದ್ದರಿಂದ ಅವರು ಮಹಲಿನ ಹೊರಗೆ ಮೋಟಾರಿನಲ್ಲಿಯೇ ಮಲಗಿದ್ದು ಕರೆ ಬಂದಾಗ ಓಡಿಬರುತ್ತಿದ್ದರು. ಅವರೂ ಕೈಸೋತ ಮೇಲೆ ರೋಗಿಯು ಮತ್ತೆ ಡಾಕ್ಟರರ ವಶವಾದರು. ಕೊನೆಯ ದಿನಗಳಲ್ಲಿ, ಆಗ ದುರ್ಲಭವಾಗಿದ್ದ ಪೆನಿಸಿಲಿನ್ ವಿಮಾನದಿಂದ ಬಂದಿತು. ಮಗ ದೇವದಾಸರು ಅದನ್ನು ಕೊಡಬೇಕೆಂದು ಅಂಗಲಾಚಿದರು. ಬದುಕುವ ಆಸೆಯಿಲ್ಲದ ಜೀವಕ್ಕೆ ಕೆಲವು ತಾಸಿಗೊಮ್ಮೆ ಸೂಜಿ ಚುಚ್ಚಿ ನೋಯಿಸುವದು ಬೇಡವೆಂದು ಗಾಂಧೀಜಿಯವರು ಒಪ್ಪಲಿಲ್ಲ. 1944ರ ಫೆಬ್ರುವರಿ 22ರಂದು ಬಾ ಅವರು ಪತಿಯ ತೊಡೆಯ ಮೇಲೆ ಪ್ರಾಣಬಿಟ್ಟರು. ಆ ನಿರ್ಣಯದ ವಿಷಯದಲ್ಲಿ ಜನರು ಇಂದಿಗೂ ಎರಡು ಬಗೆಯಾಗಿ ಆಡುವರು. ವಿಚಾರವಂತರು ಒಂದನ್ನು ಒಪ್ಪುವರು: ರೋಗವನ್ನು ಗೆಲ್ಲುವ ಹೊತ್ತು ಬೇರೆ, ಸಾಯುವವರನ್ನು ಶಾಂತಿಯಿಂದ ಕಳಿಸುವ ಹೊತ್ತು ಬೇರೆ, ಇವೆರಡನ್ನು ಗುರುತಿಸುವದು ಯಾವ ವೈದ್ಯಶಾಸ್ತ್ರಕ್ಕೂ ಸುಲಭವಲ್ಲ.

ಎರಡು ತಿಂಗಳೊಳಗಾಗಿ ಗಾಂಧೀಜಿಯವರಿಗೇ ಮಲೇರಿಯಾ ಬಂದಿತು. ಮೊದಲು ಉಪವಾಸ, ಹಣ್ಣಿನ ರಸಗಳಿಂದ ಸಾಗಿಸನೋಡಿದರು. ಜ್ವರವು ಏರುತ್ತಲೇ ಹೋದಾಗ ಹಟವನ್ನು ಬಿಟ್ಟು ಕ್ವಿನೈನನ್ನು ಸೇವಿಸಿದರು, ಜ್ವರವು ಇಳಿಯಿತು. ಬಿಡುಗಡೆಯ ತರುವಾಯ ಬಡವರಿಗೆ ಎಟುಕುವ ಚಿಕಿತ್ಸೆಯ ಚಿಂತೆಯು ಅವರಲ್ಲಿ ಬಲವಾಯಿತು. 1946ರ ಮಾರ್ಚದಲ್ಲಿ ಪುಣೆಯ ಹತ್ತಿರದ ಉರುಳಿಕಾಂಚನವೆಂಬ ಹಳ್ಳಿಯಲ್ಲಿ ನಿಂತು, ಹಳ್ಳಿಗರಿಗೆ ಸ್ನಾನ, ಬಿಸಿಲು, ಮಣ್ಣು, ಪಥ್ಯ, ರಾಮನಾಮಗಳ ಚಿಕಿತ್ಸೆಯನ್ನು ತೊಡಗಿಸಿ, ಮಣಿಭಾಯಿ ದೇಸಾಯಿಯವರಿಗೆ ಆ ಕೆಲಸವನ್ನು ಒಪ್ಪಿಸಿದರು. ಶುದ್ಧವಾದ ನೀರು, ಚೊಕ್ಕಟವಾದ ಓಣಿ, ಹಿತಮಿತವಾದ ಊಟ ಇವಿದ್ದಲ್ಲಿ ಅರ್ಧ ರೋಗಗಳು ಬಾರವೆಂಬುದು ಅವರ ನಿಶ್ಚಯವಾಗಿದ್ದಿತು. ಅವರ ಪ್ರಕೃತಿಚಿಕಿತ್ಸೆಯ ನಿಜವಾದ ತಿರುಳು ಇದೇ. ಇದನ್ನು ಯಾವ ಡಾಕ್ಟರನೂ ಅಲ್ಲಗಳೆಯಲಾರನು. 1948ರ ಜನವರಿ 30ರಂದು ಆ ದೇಹವು ಗುಂಡಿಗೆ ಬಲಿಯಾಯಿತು.

ಹಿಂದೆ ಬೆಳಗಾವಿಯ ಮಹಾಸಭೆಯಲ್ಲಿ ಸ್ವಯಂಸೇವಕರ ನಾಯಕರಾಗಿ ದುಡಿದ ಡಾಕ್ಟರ ನಾ. ಸು. ಹರ್ಡೀಕರರು ತಮ್ಮ ಬಾಳಿನ ಉತ್ತರಾರ್ಧವನ್ನು ಗೋಕಾಕ ಸೀಮೆಯ ಘಟಪ್ರಭೆಯ ಆರೋಗ್ಯಧಾಮದಲ್ಲಿ ಕಳೆದು 1975ರಲ್ಲಿ ತೀರಿಕೊಂಡರು. ಈಗ ಘಟಪ್ರಭೆಯಲ್ಲಿ ಆಯುರ್ವೇದ ಮಹಾವಿದ್ಯಾಲಯವೂ ಇದೆ. 2014ರಲ್ಲಿ ಕೇಂದ್ರ ಸರಕಾರವು ಆಯುಷ್ ಎಂಬ ಪ್ರತ್ಯೇಕ ಮಂತ್ರಾಲಯವನ್ನು ಸ್ಥಾಪಿಸಿ ಆಯುರ್ವೇದ, ಯೋಗ, ಪ್ರಕೃತಿಚಿಕಿತ್ಸೆ, ಯುನಾನಿ, ಸಿದ್ಧ, ಹೋಮಿಯೋಪತಿಗಳನ್ನು ಅದಕ್ಕೆ ಒಪ್ಪಿಸಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನು ವೈದ್ಯವನ್ನೇ ಕಾಯಕವಾಗಿ ಉಳ್ಳವನು. ಮಠಗಳ ಅಂಗಳದಲ್ಲಿ ಔಷಧಿಯನ್ನು ಹಂಚುವ ವಾಡಿಕೆಯು ಈ ನಾಡಿಗೆ ಹೊಸದಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಕಾಮಾಲೆಗೆ ಸೊಪ್ಪಿನ ರಸವನ್ನು ಕೊಡುವವರೂ ಎಲುಬು ಕಟ್ಟುವವರೂ ಮನೆಮದ್ದು ಬಲ್ಲ ಅಜ್ಜಿಯರೂ ಇರುವರು.

ಇವರನ್ನೆಲ್ಲ ತುಚ್ಛೀಕರಿಸುವದು ಬೇಡ, ಕುರುಡಾಗಿ ನಂಬುವದೂ ಬೇಡ. ಹಾವು ಕಚ್ಚಿದವನನ್ನು ಮಂತ್ರದ ಕಟ್ಟೆಯಲ್ಲಿ ಕೂಡಿಸಿ ಹೊತ್ತು ಕಳೆಯದೆ ವಿಷನಿವಾರಕ ಮದ್ದು ಇರುವ ದವಾಖಾನೆಗೆ ಒಯ್ಯಬೇಕು. ಎದೆಯಲ್ಲಿ ಗಂಟು ಕಂಡ ತಾಯಿಯು ಲೇಪವನ್ನು ಹಚ್ಚುತ್ತ ತಿಂಗಳುಗಳನ್ನು ನೂಕಬಾರದು. ಕ್ಷಯದವನು ಮಾತ್ರೆಗಳನ್ನು ನಡುವೆ ಬಿಡಬಾರದು. ಅದರೊಡನೆ ಪಥ್ಯವಿರಲಿ, ಆಸನಪ್ರಾಣಾಯಾಮಗಳಿರಲಿ, ಜಪಧ್ಯಾನಗಳಿರಲಿ. ಸೇವಿಸುವ ಬೇರುಸೊಪ್ಪುಗಳನ್ನು ಡಾಕ್ಟರರಿಂದ ಮುಚ್ಚಿಡದಿರಲಿ. ಜೊತೆಗೆ ನಿಂತ ಮದ್ದು ಬಂಧುವಾಗುವದು, ಅಡ್ಡ ನಿಂತ ಮದ್ದು ವೈರಿಯಾಗುವದು. ಗಾಂಧೀಜಿಯವರು ತಂದೆಯ ಹಾಸಿಗೆಯಿಂದ ಪತ್ನಿಯ ಹಾಸಿಗೆಯ ವರೆಗೆ ನಡೆದು ಕಂಡುಕೊಂಡ ಈ ವಿವೇಕವು ಮನೆಮನೆಯಲ್ಲಿ ನೆಲೆಸಲಿ; ಸರ್ವರಿಗೂ ಆರೋಗ್ಯಭಾಗ್ಯವು ಲಭಿಸಲಿ.